ಆಗಲ್ಲಪ್ಪನವರ ತಂಗಿಗೊಬ್ಬ ಮ್ಯಾನೇಜರ್

ನಮ್ಮನೆಯವರಿಗೆ ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಬೀದಿಗೆಲ್ಲ ಅವರು ಆಗಲ್ಲಪ್ಪ. ಜೆರಾಕ್ಸ್ ಅಂಗಡಿ ಆಗಲ್ಲಪ್ಪ. ಮದುವೆಯಾದ ಹೊಸದರಲ್ಲಿ ಅಂಗಡಿಗೆ ಊಟದ ಡಬ್ಬಿ ತಗೊಂಡು ಹೋದಾಗ ಪಕ್ಕದ ಟೈಲರು, 'ಆಗಲ್ಲಪ್ಪನವರ ಮನೆಯೋರಾ?' ಅಂತ ಕೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಒಂದು ತಿಂಗಳಲ್ಲಿ ನಾನೂ ಹಾಗೇ ಕರೆಯೋಕೆ ಶುರುಮಾಡಿದೆ, ಅದು ಬೇರೆ ಮಾತು.

ಅವರು ಇಡೀ ದಿನ ಆಗಲ್ಲ ಅನ್ನುತ್ತಿದ್ದದ್ದು ತಮಗಾಗಿ ಅಲ್ಲ, ತಂಗಿಗಾಗಿ. ನನ್ನ ನಾದಿನಿ ಮಿಮಿಕ್ರಿ ಮಾಡುವವಳು. ಅಣ್ಣನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಅಮ್ಮ ಹೋದಮೇಲೆ ಜಡೆ ಹಾಕಿ ಶಾಲೆಗೆ ಕಳಿಸಿದ್ದೆಲ್ಲ ಇವರೇ. ಆ ಹುಡುಗಿಯ ಗಂಟಲಲ್ಲಿ ಎಂಬತ್ತು ದನಿ ಇದ್ದವು. ಹಾಲಿಗೆ ಅಳುವ ಕೂಸು, ಕುಕ್ಕರಿನ ಸೀಟಿ, ಹಳೇ ಲಿಫ್ಟಿನ ಬಾಗಿಲು, ದಿಣ್ಣೆ ಹತ್ತುವ ಲಾರಿ. ನನ್ನನ್ನೂ ಬಿಟ್ಟಿರಲಿಲ್ಲ. ನಾನು ತರಕಾರಿಯವನ ಹತ್ತಿರ ಚೌಕಾಸಿ ಮಾಡುವುದನ್ನು ಒಂದು ಸಲ ಮಾಡಿ ತೋರಿಸಿದಳು. ಎರಡು ದಿನ ನಾನು ಅವಳ ಹತ್ತಿರ ಮಾತು ಬಿಟ್ಟಿದ್ದೆ. ಮೂರನೇ ದಿನ ನೆನೆಸಿಕೊಂಡು ನನಗೇ ನಗು ಬಂತು.

ಜನ ಕಾದು ಕೂತು ಕೇಳುತ್ತಿದ್ದದ್ದು 'ಅಣ್ಣನ ಫೋನು' ಅನ್ನೋ ಐಟಂ. ಬಲಗೈಯನ್ನು ಫೋನಿನ ಹಾಗೆ ಕಿವಿಗೆ ಹಿಡಿದು, ಎಡಗಿವಿ ಕೆರೆದುಕೊಂಡು, ಸೂರು ನೋಡುತ್ತಾ, ಅಣ್ಣನದೇ ದನಿಯಲ್ಲಿ, 'ಆಗಲ್ಲ. ಆಗಲ್ಲ ಅಂದ್ನಲ್ಲ. ಆಗಲ್ಲ, ಇಡ್ತೀನಿ.' ಸಭೆಗೆ ಸಭೆಯೇ ಬಿದ್ದು ಬಿದ್ದು ನಗುತ್ತಿತ್ತು. ಕೊನೇ ಸಾಲಿನಲ್ಲಿ ಬಿಸಿನೀರಿನ ಫ್ಲಾಸ್ಕು ಹಿಡಿದು ಕೂತ ಇವರು, 'ನಾನು ಹಾಗಾ ಮಾಡೋದು?' ಅಂತ ನನ್ನ ಕೇಳೋರು, ಎಡಗಿವಿ ಕೆರೆದುಕೊಳ್ಳುತ್ತಾ.

ಅವಳಿಗೆ ಯಾರಿಗೂ ಇಲ್ಲ ಅನ್ನೋಕೆ ಬರುತ್ತಿರಲಿಲ್ಲ. ಯಾರು ಕರೆದರೂ ಹೂಂ ಅನ್ನೋಳು. ಅದಕ್ಕೇ ಫೋನ್ ನಂಬರು ಅಣ್ಣನದು. ಇವರ ಲೆಕ್ಕಾಚಾರ ಎಲ್ಲ ಬೆಳಿಗ್ಗೆ ಬಚ್ಚಲಿನ ಕನ್ನಡಿ ಮುಂದೆ ಮುಗಿದುಹೋಗುತ್ತಿತ್ತು. ಇವರು ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿರುವಾಗ ಅವಳು ಮಹಡಿ ಇಳಿದು ಬಂದು, 'ಅತ್ತಿಗೆ, ಟೀ' ಅನ್ನೋಳು. ಎರಡೇ ಮಾತು. ಅಷ್ಟರಲ್ಲಿ ಇವರಿಗೆ ಅವಳ ಗಂಟಲು ಹೇಗಿದೆ ಅಂತ ಗೊತ್ತಾಗಿಬಿಡೋದು. 'ಇವತ್ತು ಲಾರಿ ಬೇಡಮ್ಮ' ಅನ್ನೋರು. ಇಲ್ಲವಾದರೆ, 'ಸಂಜೆದು ಬೇಡ.' ಸಭಾಂಗಣದ ಮಾಲೀಕರು ಬೈದರು, ಕಾಲೇಜಿನವರು ಬೈದರು, ಒಬ್ಬರಂತೂ ಅಂಗಡಿ ಮುಂದೆ ನಿಂತು ತಂಗಿ ಅನ್ನ ಕಿತ್ಕೊಳ್ಳೋ ಅಣ್ಣ ಅಂದರು. ಇವರು ಎಲ್ಲ ಹೊಟ್ಟೆಗೆ ಹಾಕಿಕೊಂಡು ಜೆರಾಕ್ಸ್ ತೆಗೆಯುತ್ತಿದ್ದರು.

ಆಮೇಲೆ ಅವಳ ವಿಡಿಯೋಗಳು ಎಲ್ಲರ ಫೋನಿಗೂ ಹೋದವು. ದಿನಕ್ಕೆ ನಲವತ್ತು ಕರೆ. ಇವರು ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಲ್ಯಾಮಿನೇಷನ್ನು. ಒಂದು ದಿನ ಯಾರದೋ ಡಿಗ್ರಿ ಸರ್ಟಿಫಿಕೇಟು ಮೆಷಿನ್ನಿನಲ್ಲಿ ಸಿಕ್ಕಿ ಸುಕ್ಕುಸುಕ್ಕಾಗಿ ಹೊರಗೆ ಬಂತು. ಆ ಹೆಣ್ಣುಮಗಳು ಅಂಗಡಿಯಲ್ಲೇ ಕೂತು ಅತ್ತಳು. ಅವತ್ತು ಊಟಕ್ಕೆ ಕೂತಾಗ ನಾನೇ ಹೇಳಿದೆ, 'ಒಬ್ಬ ಮ್ಯಾನೇಜರ್‌ನ ಇಟ್ಕೊಳ್ಳಿ. ಕ್ರಿಕೆಟ್ ಆಡೋರು, ಹಾಡೋರು ಎಲ್ಲ ಇಟ್ಕೊಂಡಿದ್ದಾರೆ. ನೀವು ಇನ್ನೆಷ್ಟು ದಿನ ಬೈಸ್ಕೋತೀರಿ?' ನಾನೇ ಹೇಳಿದ್ದು. ಬೇರೆ ಯಾರ ಮೇಲೂ ಹಾಕೋಕೆ ನನಗೆ ಬಾಯಿಲ್ಲ.

ನಾದಿನಿ ಅದಕ್ಕೇ ಕಾಯುತ್ತಿದ್ದವಳ ಹಾಗೆ, 'ಅಣ್ಣ, ನೀನು ಬೇಡ ಅಂದಿದ್ದರಲ್ಲಿ ಎಷ್ಟು ಒಳ್ಳೊಳ್ಳೆಯವು ಕೈತಪ್ಪಿ ಹೋದವು ಗೊತ್ತಾ?' ಅಂದಳು. ಅವಳು ಅಂದದ್ದು ಸುಳ್ಳೇನಲ್ಲ. ಇವರು ತಟ್ಟೆಯಲ್ಲೇ ಕಣ್ಣಿಟ್ಟು, 'ಆಯ್ತಮ್ಮ, ನೋಡು' ಅಂದರು.

ಮೂವರು ಬಂದರು. ಅಂಗಡಿಯಲ್ಲೇ ಸಂದರ್ಶನ. ಪೇಪರ್ ಬಂಡಲ್ ಮೇಲೆ ನಾದಿನಿ, ಸ್ಟೂಲ್ ಮೇಲೆ ನಾನು, ಮೆಷಿನ್ನಿನ ಹಿಂದೆ ಇವರು. ಇವರದು ಒಂದೇ ಪ್ರಶ್ನೆ. 'ನಾನು ಸಭಾಂಗಣದ ಮಾಲೀಕ ಅಂದ್ಕೊಳ್ಳಿ. ಇವತ್ತು ಎರಡು ಶೋ ಆಗಿದೆ. ಇನ್ನೊಂದು ಬೇಕು ಅಂತೀನಿ. ಏನಂತೀರಿ?'

ಮೊದಲನೆಯವನು ತಲೆಮೇಲೆ ಕೂಲಿಂಗ್ ಗ್ಲಾಸ್ ಏರಿಸಿಕೊಂಡಿದ್ದ. 'ರೇಟ್ ಡಬಲ್ ಅಂತೀನಿ' ಅಂದ. ಇವರು, ಸರಿ ಹೋಗಿಬನ್ನಿ ಅಂದರು.

ಎರಡನೆಯವರು ನಲವತ್ತು ದಾಟಿದ ಹೆಂಗಸು, ಓಟಗಾರರ ಒಂದು ತಂಡವನ್ನು ನೋಡಿಕೊಂಡು ಬಂದವರು. ಕಡ್ಡಿ ಮುರಿದ ಹಾಗೆ, 'ಆಗಲ್ಲ ಅಂತೀನಿ' ಅಂದರು.

'ಮಾಲೀಕ ಅತ್ತರೆ?'

'ಕರ್ಚೀಫ್ ಕೊಟ್ಟು ಆಗಲ್ಲ ಅಂತೀನಿ.'

ನಮ್ಮನೆಯವರ ಮುಖ ಅಷ್ಟು ಅರಳಿದ್ದನ್ನು ನಾನು ನನ್ನ ಮದುವೆಯಲ್ಲೂ ನೋಡಿರಲಿಲ್ಲ.

ಮೂರನೆಯವನು ಇಸ್ತ್ರಿ ಮಾಡಿದ ಅಂಗಿ, ಮೆಲು ಮಾತು. 'ಸರ್, ನಮ್ಮ ಫೀಲ್ಡಲ್ಲಿ ಆಗಲ್ಲ ಅನ್ನೋ ಮಾತೇ ಇಲ್ಲ. ಏನಾದ್ರೂ ದಾರಿ ಹುಡುಕೋಣ ಅಂತೀನಿ' ಅಂದ. ಅವನು ಹೋದಮೇಲೆ ನಾದಿನಿ ಅಣ್ಣನ ಹೆಗಲ ಮೇಲೆ ಕೈಹಾಕಿ, 'ಇವನೇ ಇರಲಿ. ಆಗಲ್ಲ ಅನ್ನೋಕೆ ಮನೇಲೇ ಒಬ್ಬರಿದ್ದಾರಲ್ಲ, ಇನ್ನೊಬ್ಬರು ಯಾಕೆ?' ಅಂದಳು. ಮೊದಲು ನಕ್ಕವಳು ನಾನು. ಇವರೂ ನಕ್ಕರು.

ಆ ರಾತ್ರಿ ಇವರು ಒಂದು ಕಾರ್ಡು ಬರೆದು, ಮಾರನೇ ದಿನ ಟೈಪು ಮಾಡಿ, ಲ್ಯಾಮಿನೇಷನ್ ಹಾಕಿ ಮ್ಯಾನೇಜರ್ ಕೈಗೆ ಕೊಟ್ಟರು. ಲಾರಿ ದಿನಕ್ಕೆ ಒಂದೇ ಸಲ. ಎರಡು ಶೋ ನಡುವೆ ಮೂರು ಗಂಟೆ ಮೌನ. ಮುಖಕ್ಕೆ ಫ್ಯಾನ್ ಬೇಡ. ಬೆಳಿಗ್ಗೆ ಅವಳು ಆಡುವ ಮೊದಲ ಮಾತು ತಪ್ಪದೆ ಕೇಳಬೇಕು. ಆ ಕೊನೇ ಸಾಲಿನ ಕೆಳಗೆ ಗೆರೆ ಎಳೆದಿದ್ದರು. ಅವನು ಎರಡೂ ಕೈಯಲ್ಲಿ ತಗೊಂಡು, 'ಒಂದೇ ಒಂದು ವಿಷಯ ಸರ್. ಇಬ್ಬರು ಮಾತಾಡಿದ್ರೆ ಪಾರ್ಟಿಗಳಿಗೆ ಗೊಂದಲ ಆಗುತ್ತೆ. ಇನ್ಮೇಲೆ ಎಲ್ಲ ನನಗೇ ಬಿಟ್ಬಿಡಿ' ಅಂದ. ಇವರು ತಲೆಯಾಡಿಸಿದರು. ಅವತ್ತಿನಿಂದ ಇವರ ಫೋನು ಸುಮ್ಮನಾಯಿತು. ಅದು ಕೆಟ್ಟಿದೆಯೋ ಏನೋ ಅಂತ ಇವರು ಒಂದೆರಡು ಸಲ ನನ್ನ ಫೋನಿಂದ ಅದಕ್ಕೆ ಮಾಡಿ ನೋಡಿದ್ದು ನನಗೆ ಗೊತ್ತು.

ಏಳೆಂಟು ತಿಂಗಳು ಚೆನ್ನಾಗಿಯೇ ಇತ್ತು. ದೊಡ್ಡ ದೊಡ್ಡ ಸಭಾಂಗಣಗಳು. ರಸ್ತೆ ತಿರುವಿನಲ್ಲಿ ಅವಳ ಬೋರ್ಡು. ನಾನು ಬಸ್ಸಿನಲ್ಲಿ ಪಕ್ಕದವರಿಗೆ ತೋರಿಸಿ, ನಮ್ಮ ನಾದಿನಿ ಅಂತ ಹೇಳಿಕೊಂಡೆ. ಆ ದಿನಗಳಲ್ಲಿ ಅವಳ ಮುಖದಲ್ಲಿದ್ದ ಸಂತೋಷ ಸುಳ್ಳಲ್ಲ.

ಆ ಶುಕ್ರವಾರ ಅವಳು ಮಹಡಿ ಇಳಿದು ಬಂದು, 'ಅತ್ತಿಗೆ, ಟೀ' ಅಂದಳು. ಹಳೇ ಬಟ್ಟೆ ಹರಿದ ಹಾಗೆ ಕೇಳಿಸಿತು. ನನ್ನಂಥವಳಿಗೇ ಕೇಳಿಸಿತು. ಕನ್ನಡಿಯಲ್ಲಿ ಇವರ ಕೈ ನಿಂತಿತು. ಬಾಯಿ ತೆರೆದರು. ನಾನು ಹತ್ತಿರ ಹೋಗಿ ಮೆಲ್ಲಗೆ, 'ಸುಮ್ಮನಿರಿ. ಅವನ ಕೆಲಸದಲ್ಲಿ ಮೂಗು ತೂರಿಸಬೇಡಿ, ಮತ್ತೆ ಅವಳೇ ಬೇಜಾರು ಮಾಡ್ಕೋತಾಳೆ' ಅಂದೆ. ಇವರು ಮುಖ ತೊಳೆದುಕೊಂಡರು. ಅವಳು ಟೀ ಕುಡಿದು ಹೊರಟುಹೋದಳು.

ಅವತ್ತು ಬೆಳಿಗ್ಗೆ ಯಾವುದೋ ಆಟಿಕೆಯ ಜಾಹೀರಾತಿಗೆ ಲಾರಿ. ಇನ್ನೊಂದು ಸಲ, ಇನ್ನೊಂದೇ ಸಲ ಅಂತ ಹತ್ತೊಂಬತ್ತು ಸಲ ಮಾಡಿಸಿದರಂತೆ. ಮಧ್ಯಾಹ್ನ ಒಂದು ಶೋ. ಸಂಜೆ ಇನ್ನೊಂದು. ಸಂಜೆಯದಕ್ಕೆ ನಾವಿಬ್ಬರೂ ಹೋಗಿದ್ದೆವು. 'ಅಣ್ಣನ ಫೋನು' ಬಂತು. ಕಿವಿ ಕೆರೆದಳು, ಸೂರು ನೋಡಿದಳು. ಆಗಲ್ಲ ಅಂದಳು. ಆಗಲ್ಲ ಅಂದ್ನಲ್ಲ ಅಂದಳು. ಮೂರನೆಯದಕ್ಕೆ ಬಾಯಿ ತೆರೆಯಿತು, ದನಿ ಬರಲಿಲ್ಲ. ಇದೂ ಒಂದು ಹೊಸ ತಮಾಷೆ ಅಂದುಕೊಂಡು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನನ್ನ ಪಕ್ಕದಲ್ಲಿ ಫ್ಲಾಸ್ಕು ಕೆಳಗೆ ಬಿತ್ತು. ಇವರು ಆ ಜನದ ಮಧ್ಯೆ ನುಗ್ಗಿಕೊಂಡು ವೇದಿಕೆ ಕಡೆ ಓಡುತ್ತಿದ್ದರು. ಅವಳ ಕರ್ಚೀಫಿನಲ್ಲಿ ರಕ್ತ ಇತ್ತು.

ಆಸ್ಪತ್ರೆಯಲ್ಲಿ ಮ್ಯಾನೇಜರ್ ಗೋಡೆಗೊರಗಿ ಅತ್ತ. ಅವನು ಕೆಟ್ಟವನಲ್ಲ, ಅದನ್ನೂ ಹೇಳಬೇಕು. 'ಒಂದು ಸಲಾನೂ ಅವರು ಬೇಡ ಅನ್ನಲಿಲ್ಲ ಸರ್' ಅಂದ.

'ಅವಳಿಗೆ ಬೇಡ ಅನ್ನೋಕೆ ಬರಲ್ಲಪ್ಪ' ಅಂದರು ಇವರು. 'ಅದಕ್ಕೇ ನಾನಿದ್ದೆ.'

ಇವರು ಅವನಿಗೆ ನಾಲ್ಕು ಬಾರಿಸಿದ್ದರೂ ನನಗೆ ಸಮಾಧಾನ ಆಗುತ್ತಿತ್ತು. ಮಾರನೇ ದಿನ ಅವಳ ಬಟ್ಟೆ ಬ್ಯಾಗು ತರೋಕೆ ಅವನ ಆಫೀಸಿಗೆ ಹೋದೆ. ಮೇಜಿನ ಮೇಲೆ ಟೀ ಲೋಟದ ಕೆಳಗೆ ಆ ಕಾರ್ಡು ಇತ್ತು. ಲ್ಯಾಮಿನೇಷನ್ ಆಗಿತ್ತಲ್ಲ, ಸೆರಗಿನಿಂದ ಒರೆಸಿದರೆ ಕಲೆ ಹೋಯಿತು. ಬ್ಯಾಗಿನೊಳಗೆ ಹಾಕಿಕೊಂಡು ಬಂದೆ. ಇವರಿಗೆ ಇವತ್ತಿನವರೆಗೂ ಹೇಳಿಲ್ಲ.

ಆಪರೇಷನ್ ಆಯಿತು. ಆರು ವಾರ ಒಂದಕ್ಷರ ಮಾತಾಡಬಾರದು, ಪಿಸುಗುಡಲೂಬಾರದು ಅಂದರು. ಅವಳಿಗೆ ಒಂದು ಸ್ಲೇಟು ತಂದುಕೊಟ್ಟೆವು. ಸ್ಲೇಟಿನಲ್ಲೂ ಅವಳ ಬಾಯಿ ಸುಮ್ಮನಿರಲಿಲ್ಲ. 'ಅತ್ತಿಗೆ, ಉಪ್ಪು ಎಲ್ಲಿ? ಅದೂ ಆರು ವಾರ ರಜಾನಾ?' ಅಂತ ಬರೆಯುತ್ತಿದ್ದಳು. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಹೊಡೆಯುತ್ತಿದ್ದಳು. ಮೊದಲು ಯಾವ ದನಿ ಮಾಡಲಿ ಅಂತ ಪಟ್ಟಿ ಮಾಡಿಟ್ಟಿದ್ದಳು. ಕೂಸಿನಿಂದ ಶುರು, ಕೊನೆಗೆ ಲಾರಿ.

ಐದನೇ ವಾರ ಡಾಕ್ಟರಮ್ಮ ಗಂಟಲಿಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಇವರೊಬ್ಬರನ್ನೇ ವರಾಂಡಕ್ಕೆ ಕರೆದರು. ಮಾತು ಬರುತ್ತೆ, ಒರಟಾಗಿ ಬರುತ್ತೆ, ಆದರೆ ಗಾಯ ಗಂಟುಕಟ್ಟಿದೆ, ಆ ದನಿಗಳು ಇನ್ನು ಬರಲ್ಲ ಅಂದರು. 'ನಾನು ಹೇಳಲಾ, ನೀವು ಹೇಳ್ತೀರಾ?' ಇವರು, ನಾನೇ ಹೇಳ್ತೀನಿ ಅಂದರು. ನನಗೆ ಅಂಗಡಿಯಲ್ಲಿ, ಜೆರಾಕ್ಸ್ ಮೆಷಿನ್ ಓಡಿಸಿ ಅದರ ಸದ್ದಿನಲ್ಲಿ ಹೇಳಿದರು. ಅವಳಿಗೆ ಹೇಳಲಿಲ್ಲ. ನಾಲ್ಕು ದಿನ ಬೆಳಿಗ್ಗೆ ಕನ್ನಡಿ ಮುಂದೆ ಬಾಯಿ ತೆರೆದು ಮುಚ್ಚಿದರು.

ಐದನೇ ದಿನ ಭಾನುವಾರ. ಅವಳು ಮೇಜಿನ ಹತ್ತಿರ ಸ್ಲೇಟು ಇಟ್ಟುಕೊಂಡು ಕೂತಿದ್ದಳು. ಇವರ ಫೋನು ಎಷ್ಟೋ ತಿಂಗಳ ಮೇಲೆ ಬಡಿದುಕೊಂಡಿತು. ಕೈಯೆಲ್ಲ ಸೋಪು, ಅದಕ್ಕೇ ಸ್ಪೀಕರಿಗೆ ಹಾಕಿದರು. ಮೊದಲಿಂದ ಗೊತ್ತಿದ್ದ ಸಭಾಂಗಣದ ಮಾಲೀಕ, ಹದಿನೈದು ವರ್ಷ ಇವರ ಕೈಲಿ ಆಗಲ್ಲ ಅನ್ನಿಸಿಕೊಂಡವನು.

'ಏನ್ ಆಗಲ್ಲಪ್ಪನೋರೆ, ತಂಗಿ ಹುಷಾರಾಗ್ತಿದ್ದಾಳಂತೆ. ವರ್ಷದ ಕೊನೇಲಿ ನನಗೊಂದು ಶೋ ಕೊಡಿ. ಸಣ್ಣದು, ಅರ್ಧ ಗಂಟೆ. ಅಣ್ಣನ ಫೋನು ಒಂದು ಮಾಡಿದ್ರೂ ಸಾಕು.'

ನಾದಿನಿಯ ಕಣ್ಣು ಮಿಂಚಿತು. ನನ್ನನ್ನು ಮೊಣಕೈಯಿಂದ ತಿವಿದು, ಅಣ್ಣ ಈಗ ಅನ್ನುತ್ತಾನೆ ನೋಡು ಅನ್ನೋ ಹಾಗೆ, ಇವರಿಗಿಂತ ಮೊದಲೇ ತನ್ನ ಎಡಗಿವಿಗೆ ಬೆರಳಿಟ್ಟಳು.

ಇವರು ಫೋನು ನೋಡುತ್ತಾ ನಿಂತರು. ಗಲ್ಲದ ಸೋಪು ಒಣಗುತ್ತಿತ್ತು.

'ನೋಡೋಣ' ಅಂದರು. 'ನೋಡಿ ಹೇಳ್ತೀನಿ.'

'ಹದಿನೈದು ವರ್ಷದಲ್ಲಿ ಮೊದಲ ಸಲ ಈ ಮಾತು ಕೇಳ್ತಿದೀನಿ' ಅಂದ ಮಾಲೀಕ ಖುಷಿಯಿಂದ, ಫೋನಿಟ್ಟ.

ಅವಳ ಬೆರಳು ಕಿವಿಯ ಹತ್ತಿರವೇ ಉಳಿಯಿತು. ಅಣ್ಣನ ಮಾತನ್ನು ಅವಳಷ್ಟು ಕಿವಿಗೊಟ್ಟು ಕೇಳಿದವರು ಈ ಭೂಮಿ ಮೇಲೆ ಯಾರೂ ಇಲ್ಲ. ಉಳಿಸೋಕೆ ಗಂಟಲು ಇರುವವರೆಗೂ ಇವರು ಆಗಲ್ಲ ಅನ್ನುತ್ತಿದ್ದರು, ಈಗ ನೋಡೋಣ ಅಂದಿದ್ದರು. ಅವಳು ಇವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ನನಗೆ ತಲೆ ಎತ್ತೋಕೆ ಆಗಲಿಲ್ಲ.

ಆಮೇಲೆ ಎದ್ದು ಹೋಗಿ ಇವರ ಕೈಯಿಂದ ಫೋನು ತಗೊಂಡು ಕಿವಿಗೆ ಹಿಡಿದಳು. ಎಡಗಿವಿ ಕೆರೆದಳು. ಸೂರು ನೋಡಿದಳು. ತುಟಿ ಆಡಿತು, ಸದ್ದಿಲ್ಲ. ಎರಡನೇ ಸಲವೂ ಆಡಿತು. ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ಮಾತ್ರ ಒಂದಿಷ್ಟೂ ತಪ್ಪದೆ ಅಣ್ಣನ ಹಾಗೇ ಇತ್ತು. ಮೂರನೇ ಸಲ ತುಟಿ ತೆರೆದಾಗ ನಮ್ಮನೆಯವರು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಅವಳ ಬದಲು ತಾವೇ ಹೇಳಿದರು.

'ಆಗಲ್ಲಮ್ಮ.'