ನೂರನಲವತ್ತಕ್ಕೆ ನಿಂತ ಸೂಜಿ

ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಆಕೆ ಸೂಜಿಯಕ್ಕ. ಸರಕಾರಿ ಆಸ್ಪತ್ರೆಯ ರಕ್ತನಿಧಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಜನರ ತೋಳಿಗೆ ಸೂಜಿ ಚುಚ್ಚುತ್ತ ಬಂದವಳಿಗೆ ಬೇರೆ ಹೆಸರು ಹೇಗೆ ಅಂಟೀತು? ಏನೂ ತಿನ್ನದೆ ಬಂದವನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದಳು. ತಿಂದು ಬಂದವನನ್ನು ಮಂಚದ ಮೇಲೆ ಮಲಗಿಸಿ, ಮನೆಯಲ್ಲಿ ಎಷ್ಟು ಜನ ಎಂದು ವಿಚಾರಿಸುತ್ತಿದ್ದಳು. ಅವನು ಎಣಿಸಿ ಮುಗಿಸುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಕೆಲಸ ಶುರುವಾಗಿರುತ್ತಿತ್ತು.

ಅವಳ ಕೋಣೆ ದೊಡ್ಡದೇನಲ್ಲ. ಎರಡು ಮಂಚ, ಒಂದು ಸಣ್ಣ ತಕ್ಕಡಿ, ಗೋಡೆಗೆ ಒತ್ತಿ ನಿಂತ ಗಾಜಿನ ಬಾಗಿಲಿನ ಒಂದು ಫ್ರಿಜ್ಜು. ಆ ಫ್ರಿಜ್ಜಿನಲ್ಲಿ ಹಿಡಿಯುವುದು ನೂರನಲವತ್ತು ಚೀಲ ರಕ್ತ. ಚೀಲಗಳು ಬಂದು ಎಷ್ಟೋ ಕಾಲವಾಗಿದ್ದರೂ ಜನ ಅವನ್ನು ಇಂದಿಗೂ ಬಾಟಲಿ ಎಂದೇ ಕರೆಯುತ್ತಾರೆ. ತೆಗೆದ ರಕ್ತ ಮೂವತ್ತೈದು ದಿನ ಬಾಳುತ್ತದೆ. ಮೂವತ್ತಾರನೆಯ ದಿನ ಅದು ಔಷಧವಲ್ಲ, ಕಸ. ಒಮ್ಮೆ ಕೊಟ್ಟವನು ಮತ್ತೆ ಕೊಡಬೇಕಾದರೆ ಮೂರು ತಿಂಗಳು ಕಾಯಬೇಕು. ಈ ಎರಡು ಸಂಗತಿ ತಿಳಿದರೆ ಮುಂದೆ ನಡೆದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಸೂಜಿಯಕ್ಕನ ಮನೆತನವೇ ಪಕ್ಷದ ಮನೆತನ. ಪಕ್ಷ ಇನ್ನೂ ಅಧಿಕಾರದ ಮುಖ ಕಾಣದಿದ್ದ ಕಾಲದಲ್ಲಿ ಅಪ್ಪ ಅದಕ್ಕಾಗಿ ಹನ್ನೊಂದು ತಿಂಗಳು ಜೈಲಿನಲ್ಲಿದ್ದ. ಅಣ್ಣ ತಂಗಿ ಇಬ್ಬರೂ ಹಿಟ್ಟಿನ ಅಂಟು ಕುದಿಸಿ, ಬಕೆಟ್ಟು ಹೊತ್ತು, ಗೋಡೆಗೋಡೆಗೆ ಪೋಸ್ಟರು ಹಚ್ಚಿದವರು. ಈಗ ಅಣ್ಣ ಊರಿನ ಪಕ್ಷದ ಅಧ್ಯಕ್ಷ. ತಂಗಿಯೂ ಸದಸ್ಯೆಯೇ, ಒಂದು ವರ್ಷವೂ ತಪ್ಪದೆ ಚೀಟಿ ಹೊಸದು ಮಾಡಿಸಿಕೊಂಡವಳು.

ಹಿಂದಿನ ವರ್ಷ ನಾಯಕರ ಹುಟ್ಟುಹಬ್ಬಕ್ಕೆ ಪಕ್ಷ ರಕ್ತದಾನ ಶಿಬಿರ ಮಾಡಿತ್ತು. ಒಂದೇ ದಿನ ನಾನೂರ ಹನ್ನೆರಡು ಚೀಲ. ಅಕ್ಕಪಕ್ಕದ ಊರುಗಳಿಗೆ ಕಳಿಸೋಣವೆಂದರೆ ಅಲ್ಲೂ ಅದೇ ದಿನ ಅದೇ ಹುಟ್ಟುಹಬ್ಬ, ಅಲ್ಲೂ ಫ್ರಿಜ್ಜು ತುಂಬಿತ್ತು. ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಒಂದಷ್ಟು ದಿನ ತಳ್ಳಿದ್ದಾಯಿತು. ಕೊನೆಗೆ ಇನ್ನೂರ ಅರವತ್ತಕ್ಕೂ ಹೆಚ್ಚು ಚೀಲಗಳನ್ನು ಅವಳೇ ಲೆಕ್ಕ ಮಾಡಿ ಆಸ್ಪತ್ರೆಯ ಹಿಂದಿನ ಕಸ ಸುಡುವ ಒಲೆಗೆ ಹಾಕಿಸಿದಳು. ಅದಾಗಿ ಎರಡೇ ವಾರಕ್ಕೆ ಗಾರೆ ಕೆಲಸದವನೊಬ್ಬ ಮೂರನೆಯ ಮಹಡಿಯ ಸಾರುವೆಯಿಂದ ಬಿದ್ದು ಬಂದ. ಫ್ರಿಜ್ಜಿನಲ್ಲಿ ಅವನ ಗುಂಪಿನದು ಒಂದೇ ಚೀಲ. ಸೂಜಿಯಕ್ಕ ಫೋನು ಹಿಡಿದು ಮೂವತ್ತು ಜನರನ್ನು ಕರೆದಳು. ಎಲ್ಲರದೂ ಒಂದೇ ಉತ್ತರ: ಹುಟ್ಟುಹಬ್ಬಕ್ಕೆ ಕೊಟ್ಟುಬಿಟ್ಟೆನಲ್ಲ ಅಕ್ಕಾ, ಇನ್ನೂ ಎರಡು ತಿಂಗಳೂ ಆಗಿಲ್ಲ. ಮಧ್ಯಾಹ್ನ ನಾಲ್ಕರ ಹೊತ್ತಿಗೆ ಗಾರೆಯವನು ತೀರಿಕೊಂಡ. ಅವನ ಹೆಂಡತಿ ಯಾರನ್ನೂ ಬೈಯಲಿಲ್ಲ; ಚಪ್ಪಲಿಯನ್ನು ಎಲ್ಲಿ ಬಿಟ್ಟಿದ್ದೇನೆಂದು ಹುಡುಕುತ್ತಿದ್ದಳು.

ಈ ವರ್ಷ ನಾಯಕರಿಗೆ ಅರವತ್ತು ತುಂಬುತ್ತಿತ್ತು. ಅಣ್ಣ ತಂಗಿಯ ಮನೆಗೆ ಬಂದು, ಬ್ಯಾನರಿನ ಮಾದರಿಯನ್ನು ಊಟದ ಮೇಜಿನ ಮೇಲೆ ಹರಡಿದ. ದೇಶಕ್ಕಾಗಿ ನಮ್ಮ ರಕ್ತ, ಒಂದೇ ದಿನ ಸಾವಿರ ಬಾಟಲಿ ಎಂದು ಅದರಲ್ಲಿತ್ತು. ಅಕ್ಷರಕ್ಕಿಂತ ನಾಯಕರ ಮುಖ ದೊಡ್ಡದಾಗಿತ್ತು. ಎಲ್ಲಿ ಇಡುವುದು ಎಂದು ಅವಳು ಕೇಳಿದಳು. ಇಡುವುದನ್ನು ಆಮೇಲೆ ನೋಡೋಣ, ಮೊದಲು ತೆಗೆದುಬಿಡು ಎಂಬುದು ಅಣ್ಣನ ವಾದ. ಅವಳ ಗಂಡ ಬಸ್ಸಿನ ಕಂಡಕ್ಟರು, ಭಾವನ ಮುಂದೆ ಹೆಚ್ಚು ಮಾತಾಡುವವನಲ್ಲ. ಅಂದು ಮಾತ್ರ ಕಾಫಿ ತಂದಿಟ್ಟು, "ಐವತ್ತು ಸೀಟಿನ ಬಸ್ಸಿಗೆ ನಾನು ನೂರು ಜನ ಹತ್ತಿಸ್ತೀನಿ ಭಾವಾ. ಆದ್ರೆ ರಕ್ತ ನಿಂತ್ಕೊಂಡು ಪ್ರಯಾಣ ಮಾಡಲ್ಲ ನೋಡಿ" ಎಂದು ಒಳಗೆ ಹೋದ.

ಅಣ್ಣ ನಗಲಿಲ್ಲ. "ಪಕ್ಷ ಬೇರೆ, ದೇಶ ಬೇರೆ ಅಂತ ನಿನಗೆ ಯಾವಾಗಿಂದ ಅನ್ನಿಸೋಕೆ ಶುರುವಾಯ್ತು?"

"ಆ ಗಾರೆಯವನು ಹೋದ ದಿನದಿಂದ ಅಣ್ಣಾ. ಅವನ ಜೇಬಲ್ಲೂ ನಿಮ್ಮ ಪಕ್ಷದ ಚೀಟಿ ಇತ್ತು."

"ನಿಮ್ಮ ಅಂತೀಯಲ್ಲ. ನಮ್ಮ ಅನ್ನು."

"ನಮ್ಮದು ಅಂತಾನೇ ಇಷ್ಟು ಮಾತಾಡ್ತಿದೀನಿ. ಇನ್ಯಾರದೋ ಆಗಿದ್ರೆ ನನಗೇನು?"

ಅಣ್ಣ ಬ್ಯಾನರು ಸುತ್ತಿಕೊಂಡು ಎದ್ದ. ಕಾಫಿ ಹಾಗೇ ಉಳಿಯಿತು.

ಶಿಬಿರ ನಡೆದದ್ದು ಪುರಭವನದಲ್ಲಿ. ಹನ್ನೆರಡು ಮಂಚ, ಬೇರೆ ಊರಿನಿಂದ ಬಂದ ದಾದಿಯರು, ರಕ್ತ ಕೊಟ್ಟವರಿಗೆಲ್ಲ ನಾಯಕರ ಚಿತ್ರವಿರುವ ಕೊಡೆ. ಖಾಲಿ ಚೀಲಗಳು ಸಾವಿರ ಬಂದಿದ್ದವು. ಸೂಜಿಯಕ್ಕ ಬೆಳಿಗ್ಗೆಯೇ, ಖಾಲಿಯಾಗಿದ್ದ ಫ್ರಿಜ್ಜಿಗೆ ಹಿಡಿಯುವ ನೂರನಲವತ್ತನ್ನು ಎಣಿಸಿ ಹೊರಗಿಟ್ಟು, ಮಿಕ್ಕವನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಹನ್ನೊಂದೂವರೆಗೆ ಕೊನೆಯ ಚೀಲ ತುಂಬಿತು. ಅದರ ಬಾಯಿ ಮುಚ್ಚಿ, ತಾರೀಕು ಬರೆದು, ಇವತ್ತಿಗೆ ಇಷ್ಟೇ ಎಂದು ದಾದಿಯರಿಗೆ ಹೇಳಿ, ಬಾಗಿಲ ಬಳಿ ಮೇಜು ಕುರ್ಚಿ ಹಾಕಿಸಿಕೊಂಡು ಕುಳಿತಳು.

ಹೊರಗೆ ಬಿಸಿಲಿನಲ್ಲಿ ಸಾಲು ಬೀದಿಯ ತಿರುವಿನವರೆಗೆ ನಿಂತಿತ್ತು. ಅವಳು ಒಬ್ಬೊಬ್ಬರನ್ನೇ ಕರೆದು, ಬೆರಳಿಗೆ ಚುಚ್ಚಿ, ಒಂದು ಹನಿ ತೆಗೆದು ಗುಂಪು ನೋಡಿ, ಫೋನ್ ನಂಬರು ಬರೆದುಕೊಂಡು, ಯಾರು ಯಾವ ವಾರ ಬರಬೇಕೆಂದು ಗೊತ್ತುಮಾಡುತ್ತ ಹೋದಳು. ಇವರು ಮುಂದಿನ ತಿಂಗಳ ಮೊದಲ ವಾರ, ಅವರು ಅದರ ಮುಂದಿನದು. ಕೊಡೆ ಸಿಗುತ್ತದೋ ಇಲ್ಲವೋ ಎಂದು ಕೆಲವರು ಗೊಣಗಿದರು. ಕೊಡೆಗಳನ್ನು ಕೊಟ್ಟುಬಿಡಿ ಎಂದು ಅವಳೇ ಹೇಳಿದಳು. ಪಕ್ಷದ ಪಟ್ಟಿ ತೋಳಿಗೆ ಕಟ್ಟಿಕೊಂಡಿದ್ದ ಒಬ್ಬ ಅವಳ ಮುಂದೆ ಬಂದು, "ನೀನು ಯಾವ ಪಕ್ಷದವರ ಏಜೆಂಟಮ್ಮಾ?" ಎಂದ.

"ಬೆರಳು ಕೊಡಪ್ಪ" ಎಂದಳು. "ನಿನ್ನದು ಯಾವ ಗುಂಪು ಅಂತ ಮೊದಲು ನೋಡೋಣ."

ಸಾಲಿನಲ್ಲಿದ್ದವರು ನಕ್ಕರು. ಅವನು ಸುಮ್ಮನೆ ಬೆರಳು ಕೊಟ್ಟ.

ಒಂದು ಗಂಟೆಗೆ ನಾಯಕರು ಬಂದರು. ಸಾವಿರ ಬಾಟಲಿ ಆಯಿತೆಂದು ಬರೆದ ಕಾಗದವನ್ನು ಅಣ್ಣ ತಂಗಿಯ ಮುಂದಿಟ್ಟು, ಕೆಳಗೆ ಸಹಿ ಹಾಕು, ಸಾಕು ಎಂದು ಪಿಸುಗುಟ್ಟಿದ. ಅವಳು ಹಾಕಲಿಲ್ಲ. ನಾಯಕರೇ ಅವಳ ಮೇಜಿನ ಬಳಿ ಬಂದು, ಸಾವಿರಕ್ಕೆ ಎಷ್ಟು ಕಮ್ಮಿ ಬಿತ್ತು ಎಂದು ನಗುತ್ತಲೇ ವಿಚಾರಿಸಿದರು.

"ಕಮ್ಮಿ ಏನೂ ಬಿದ್ದಿಲ್ಲ ಸ್ವಾಮಿ. ನೂರನಲವತ್ತು ಚೀಲದಲ್ಲಿದೆ, ಮಿಕ್ಕ ಎಂಟುನೂರ ಅರವತ್ತು ಇವರ ಮೈಯಲ್ಲೇ ಇದೆ. ಅದಕ್ಕಿಂತ ಒಳ್ಳೆ ಫ್ರಿಜ್ಜು ಸರಕಾರದ ಹತ್ರ ಇಲ್ಲ."

"ಸಾವಿರ ಅಂತ ಬರೆದುಕೊಡೋಕೆ ನಿಮಗೇನು ಕಷ್ಟ?"

"ಆ ಕಾಗದ ನೋಡಿ ನಾಳೆ ಪಕ್ಕದೂರಿನವರು ರೋಗೀನ ಇಲ್ಲಿಗೆ ಕಳಿಸ್ತಾರೆ. ಆಗ ಕಾಗದಾನೇ ಹಿಂಡಿ ಕೊಡ್ಲಾ?"

ಕ್ಯಾಮೆರಾಗಳು ಇದ್ದುದರಿಂದ ನಾಯಕರು ಇನ್ನೊಮ್ಮೆ ನಕ್ಕರು. ಅಣ್ಣನ ಕಿವಿ ಕೆಂಪಗಾಗಿತ್ತು.

ಮೂರನೆಯ ದಿನ ಆದೇಶ ಬಂತು. ಸೂಜಿಯಕ್ಕನಿಗೆ ಇನ್ನು ಮುಂದೆ ಹೊರರೋಗಿಗಳಿಗೆ ಚೀಟಿ ಬರೆದುಕೊಡುವ ಕಿಟಕಿಯ ಕೆಲಸ. ಅವಳ ಜಾಗಕ್ಕೆ ಬಂದವನಿಗೆ, ಶಿಬಿರದ ದಿನ ಅವಳು ಸಾಲಿನವರನ್ನು ಬರೆದುಕೊಂಡ ಪಟ್ಟಿಯನ್ನು ಮುಟ್ಟಬೇಡ ಎಂದು ಮೇಲಿನವರು ಹೇಳಿದ್ದರು. ಅವನು ಕೆಟ್ಟವನಲ್ಲ, ಪುಕ್ಕಲ. ಪಟ್ಟಿಯ ಪ್ರತಿ ಮಾಡಿಕೊಳ್ಳಲೇ ಎಂದು ಅವಳು ಆಸ್ಪತ್ರೆಯ ದೊಡ್ಡ ಡಾಕ್ಟರನ್ನು ಕೇಳಿದಳು. ಅವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಮರ ನೋಡುತ್ತ ನಿಂತರು. ಅಷ್ಟು ಸಾಕಾಯಿತು. ಗಂಡ ಓದಿ ಹೇಳಿದ, ಅವಳು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಇಳಿಸಿಕೊಂಡಳು. ನಾಲ್ಕು ಸಂಜೆ ಹಿಡಿಯಿತು.

ನಾಲ್ಕನೆಯ ವಾರದ ಹೊತ್ತಿಗೆ ಫ್ರಿಜ್ಜಿನಲ್ಲಿ ಇಪ್ಪತ್ತಮೂರು ಚೀಲ ಉಳಿದಿದ್ದವು. ಅದೇ ವಾರ ಪಕ್ಷದ ಕಚೇರಿಯಿಂದ ಕರೆ ಬಂತು: ಶಿಸ್ತು ಮೀರಿದ ಸದಸ್ಯೆಯ ವಿಚಾರಣೆ. ಅವಳು ಕಿಟಕಿಯ ಕೆಲಸ ಮುಗಿಸಿ, ಮುಖ ತೊಳೆದು, ನೋಟುಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಉದ್ದದ ಕೋಣೆಯಲ್ಲಿ ನಲವತ್ತು ಜನ ಕುಳಿತಿದ್ದರು. ಅಧ್ಯಕ್ಷನ ಕುರ್ಚಿಯಲ್ಲಿ ಅಣ್ಣ. ಅವನು ಒಂದು ಸಾಲಿನ ಕ್ಷಮಾಪಣೆಯನ್ನು ತಾನೇ ಬರೆದು ಇಟ್ಟಿದ್ದ. ಇದನ್ನು ಓದಿಬಿಡು, ಕಿಟಕಿಯಿಂದ ಮತ್ತೆ ನಿನ್ನ ಕೋಣೆಗೆ ಹೋಗುತ್ತೀಯ ಎಂದು ಮೆಲ್ಲಗೆ ಹೇಳಿದ. ಅವನ ದನಿಯಲ್ಲಿ ಅಧ್ಯಕ್ಷನಿಗಿಂತ ಅಣ್ಣನೇ ಹೆಚ್ಚಾಗಿದ್ದ. ಅದೇ ಅವಳಿಗೆ ಕಷ್ಟವಾಯಿತು. ತನ್ನ ಕೋಣೆ ಅವಳಿಗೂ ಬೇಕಾಗಿತ್ತು. ಕಾಗದವನ್ನು ಮನಸ್ಸಿನಲ್ಲೇ ಓದಿ, ಮಡಿಸಿ, ಅವನ ಮುಂದೆಯೇ ಇಟ್ಟಳು.

"ಅಪ್ಪ ಜೈಲಿಗೆ ಹೋಗಿದ್ದು ಜನರಿಗೋಸ್ಕರ. ಯಾರ ಹುಟ್ಟುಹಬ್ಬಕ್ಕೂ ಅಲ್ಲ" ಎಂದಳು. "ನನ್ನನ್ನ ಪಕ್ಷದಿಂದ ತೆಗೀಬೇಕಾ, ತೆಗೀರಿ. ಅದು ನಿಮ್ಮ ಕೈಲಿದೆ. ಆದ್ರೆ ದೇಶಕ್ಕೆ ರಕ್ತ ಕೊಡ್ತೀವಿ ಅಂತ ಬಿಸಿಲಲ್ಲಿ ನಿಂತು ಬರೆಸಿದ್ದೀರಿ. ಅದು ನನ್ನ ಕೈಲಿದೆ."

ನೋಟುಬುಕ್ಕು ತೆರೆದಳು. ಸೈಕಲ್ ಅಂಗಡಿಯವರದು ಈ ಗುರುವಾರ. ಮಗ್ಗಿಯ ಮೇಷ್ಟ್ರದೂ ಗುರುವಾರ, ತಿಂದು ಬರಬೇಕು. ಹಿಟ್ಟಿನ ಗಿರಣಿಯವರು, ಕಳೆದ ಸಲದಂತೆ ಮೂರ್ಛೆ ಹೋಗುವುದಾದರೆ ಮಗನನ್ನು ಜೊತೆಗೆ ಕರೆತರಲಿ. ಹೀಗೆ ಆ ಕೋಣೆಯಲ್ಲಿದ್ದ ಹನ್ನೊಂದು ಜನರನ್ನು ಕರೆದಳು. ಒಬ್ಬಿಬ್ಬರು ಕೆಮ್ಮಿದರು, ಗಿರಣಿಯವನು ನೆಲ ನೋಡಿದ. ಮಧ್ಯದಲ್ಲಿ ತಡೆಯಲು ಅಣ್ಣ ಒಮ್ಮೆ ಬಾಯಿ ತೆರೆದ. "ಅಧ್ಯಕ್ಷರೇ, ನಿಮ್ಮದು ಇದಕ್ಕೆ ಮುಂದಿನ ವಾರ" ಎಂದಳು.

ಆಮೇಲೆ ಮತಕ್ಕೆ ಹಾಕಿದರು. ಅವಳನ್ನು ತೆಗೆಯಬೇಕೆನ್ನುವವರು ಕೈ ಎತ್ತಬೇಕು. ಒಂದೊಂದಾಗಿ ಕೈಗಳು ಮೇಲೇರಿದವು, ಅಂಗಿಯ ತೋಳುಗಳು ಮೊಣಕೈಗೆ ಜಾರಿದವು. ಸೂಜಿಯಕ್ಕ ನಿಂತಲ್ಲಿಂದಲೇ ಆ ತೋಳುಗಳನ್ನೆಲ್ಲ ಒಂದು ಕಡೆಯಿಂದ ನೋಡುತ್ತ ಬಂದಳು.

"ನರ ಎಲ್ಲರದೂ ಚೆನ್ನಾಗಿ ಕಾಣ್ತಿದೆ" ಎಂದು, ನೋಟುಬುಕ್ಕು ಮುಚ್ಚಿ ಹೊರಟುಬಂದಳು.

ಗುರುವಾರ ಹನ್ನೊಂದು ಜನರಲ್ಲಿ ಏಳು ಜನ ಬಂದರು. ರಕ್ತನಿಧಿಯ ಪುಕ್ಕಲನು, ಬಂದವರನ್ನು ಬೇಡವೆನ್ನಲು ತನಗೆ ಆದೇಶವಿಲ್ಲವೆಂದು ಮಂಚ ಒರೆಸಿದ. ಕಿಟಕಿಯಲ್ಲಿ ಚೀಟಿ ಬರೆದುಕೊಡುವಾಗ ಸೂಜಿಯಕ್ಕ ಏಳೂ ಜನರನ್ನು ಏನು ತಿಂದು ಬಂದಿರಿ ಎಂದು ವಿಚಾರಿಸಿದಳು. ಬಾರದ ನಾಲ್ವರ ಮನೆ ಎಲ್ಲೆಲ್ಲಿ ಎಂಬುದನ್ನು ಸೈಕಲ್ ಅಂಗಡಿಯವನಿಂದ ಕೇಳಿ ಬರೆದುಕೊಂಡಳು.