ಶೆಡ್ಡಿನ ಹಿಂದಿನ ಗೊಬ್ಬರ

ಗೊಬ್ಬರದ ವಿಷಯದಲ್ಲಿ ನನಗೆ ಬುದ್ಧಿ ಹೇಳಲು ಬಂದವರನ್ನು ನಾನು ಬಾಯಿ ಮುಚ್ಚಿಸಿಯೇ ಕಳಿಸಿದವಳು. ಧಾರವಾಡದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಪ್ಪ ವರ್ಷಕ್ಕೊಮ್ಮೆ ಕುರುಬರನ್ನು ಕರೆಸಿ ಹೊಲದಲ್ಲಿ ಕುರಿ ನಿಲ್ಲಿಸುತ್ತಿದ್ದರು. ಹಿಂಡು ನಾಲ್ಕು ದಿನ ಅಲ್ಲೇ ಮಲಗಿ ಎದ್ದು ಹೋದರೆ ಆ ವರ್ಷ ಬೇರೆ ಗೊಬ್ಬರ ಬೇಕಿರಲಿಲ್ಲ. ತಿಪ್ಪೆ ಹಳೆಯದಾದಷ್ಟೂ ಒಳ್ಳೆಯದು, ವಾಸನೆ ಇರಬಾರದು, ಹಿಡಿದರೆ ಚಹಾಪುಡಿಯ ಹಾಗೆ ಬೆರಳ ಸಂದಿಯಿಂದ ಉದುರಬೇಕು ಎನ್ನುವುದನ್ನು ನಾನು ಅಕ್ಷರಕ್ಕಿಂತ ಮೊದಲು ಕಲಿತಿದ್ದೆ.

ಮೆಲ್ಬರ್ನ್‌ನ ಟ್ರುಗನಿನಾದಲ್ಲಿ ಮನೆ ಕಟ್ಟಿಸಿಕೊಂಡು ಬಂದಾಗ ಹಿತ್ತಲಲ್ಲಿದ್ದದ್ದು ಬರೀ ಕಲ್ಲು, ಜೇಡಿ, ಬಿಲ್ಡರ್ ಬಿಟ್ಟುಹೋದ ಸಿಮೆಂಟಿನ ಹೆಂಟೆ. ಮೊದಲ ವರ್ಷ ಮೆಂತ್ಯ ಒಂದು ಬೊಗಸೆ ಬಂತು. "ಇಂಡಿಯನ್ ಶಾಪ್‌ನ್ಯಾಗ ಸಿಗತೈತಲ್ಲ, ಯಾಕ ಒದ್ದಾಡ್ತಿ?" ಎಂದು ಗಂಡ ಕೇಳಿದ. ಅವನಿಗೆ ಎರಡು ದಿನ ಅಂಗಡಿಯ ಬಾಡಿದ ಸೊಪ್ಪನ್ನೇ ಬಡಿಸಿದೆ. ಮೂರನೆಯ ದಿನ ಅವನೇ ಕಾರು ತೆಗೆದ.

ನಮ್ಮ ಸಬರ್ಬ್ ಮುಗಿದು ವೇರ್‌ಹೌಸುಗಳ ಸಾಲು ದಾಟಿದರೆ ಇನ್ನೂ ಮನೆಗಳು ಏಳದ ಹೊಲಗಳಿವೆ. ಅಲ್ಲಿ ಒಂದು ಗೇಟಿನ ಮೇಲೆ, ಕುರಿ ಗೊಬ್ಬರ ಇದೆ, ನೀವೇ ಅಗೆದುಕೊಳ್ಳಿ ಎಂದು ಬರೆದ ಹಲಗೆ ನೇತಾಡುತ್ತಿತ್ತು. ಒಳಗೆ ಉಣ್ಣೆ ಕತ್ತರಿಸುವ ಹಳೆಯ ಶೆಡ್, ಕಂಬಗಳ ಮೇಲೆ ನಿಂತ ಹಲಗೆಯ ಕಟ್ಟಡ. ಅದರ ನೆಲದ ಸಂದಿಯಿಂದ ಎಷ್ಟೋ ವರ್ಷಗಳ ಹಿಕ್ಕೆ ಕೆಳಗೆ ಉದುರಿ ಗುಡ್ಡೆಯಾಗಿತ್ತು. ಹೊಲದ ಮುದುಕ ಟೋಪಿ ತೆಗೆಯದೆ ಕೈ ತೋರಿಸಿ, ಮುಂದಿನ ಕಡೆಯದನ್ನೇ ತೆಗೆದುಕೋ, ಹಿಂದೆ ಹೋಗಬೇಡ ಎಂದ.

ನಾನು ಹಿಂದೆ ಹೋದೆ. ಶೆಡ್ಡಿನ ಬೆನ್ನಿಗೆ ಒಂದು ಉದ್ದನೆಯ ಕಾಂಕ್ರೀಟ್ ಗುಂಡಿ, ಅರ್ಧ ಹೂತುಹೋದದ್ದು, ಅದರ ಅಂಚಿನಲ್ಲಿ ಕಪ್ಪಗೆ, ಹುಡಿಯಾಗಿ, ವಾಸನೆಯೇ ಇಲ್ಲದ ಗೊಬ್ಬರ. ಹಿಡಿದು ನೋಡಿದೆ, ಉದುರಿತು. ಒಳ್ಳೆಯದನ್ನೆಲ್ಲ ತನಗಿಟ್ಟುಕೊಂಡು ನಮಗೆ ಹಸಿ ಹಿಕ್ಕೆ ದಾಟಿಸುವ ಹುನ್ನಾರ ಈ ಮುದುಕನದು ಎಂದು ಮನಸ್ಸಿನಲ್ಲೇ ನಕ್ಕೆ. ಆತ ಮನೆಯೊಳಗೆ ಹೋಗುವವರೆಗೆ ಕಾದು ಹನ್ನೆರಡು ಚೀಲ ತುಂಬಿದೆ. ಆಮೇಲೆ ಮೂರು ವರ್ಷ, ವರ್ಷಕ್ಕೆರಡು ಸಲ, ಅಲ್ಲಿಂದಲೇ ತಂದೆ.

ಮೂರನೆಯ ವರ್ಷದ ಮಾರ್ಚ್‌ನಲ್ಲಿ ತಂಗಿ ಬಂದಳು. ಸಿಡ್ನಿಯ ಗಿರಾವೀನ್‌ನಲ್ಲಿ ಅವಳ ಸಂಸಾರ. ನನಗಿಂತ ಎಂಟು ವರ್ಷ ಚಿಕ್ಕವಳು. ಅವ್ವ ಹೋದ ಮೇಲೆ ಅವಳಿಗೆ ತಲೆ ಬಾಚಿದವಳು, ಬೈದವಳು, ಮದುವೆಯಲ್ಲಿ ಅತ್ತು ಕಳಿಸಿದವಳು ನಾನೇ. ಎರಡು ಸಲ ಬಸುರಿಯಾಗಿ ಎರಡೂ ನಿಂತಿರಲಿಲ್ಲ. ಈ ಸಲ ಐದು ತಿಂಗಳು ದಾಟಿತ್ತು. ಗಂಡನಿಗೆ ಶಿಫ್ಟ್ ಕೆಲಸ, ಇವಳದು ಲ್ಯಾಪ್‌ಟಾಪ್ ಕೆಲಸ, ಎಲ್ಲಿ ಕೂತರೂ ನಡೆಯುತ್ತದೆ. "ತವರುಮನಿ ಅಂತ ಇರೋದು ನಿನ್ನ ಮನಿ ಒಂದ, ಅಕ್ಕಾ" ಎಂದು ಫೋನಿನಲ್ಲಿ ಅಂದಳು. ನಾನು ಆ ದಿನವೇ ಟಿಕೆಟ್ ಬುಕ್ ಮಾಡಿಸಿದೆ.

ನನಗೆ ಬೇರೆ ಏನೂ ಬೇಕಿರಲಿಲ್ಲ. ಆ ಕೂಸು ಉಳಿಯಬೇಕು, ನನ್ನ ಕೈಯಡುಗೆ ಉಂಡು ಉಳಿಯಬೇಕು, ಅಷ್ಟೇ. ಬೆಳಿಗ್ಗೆ ಮೆಂತ್ಯದ ಪಲ್ಯ, ಸಂಜೆ ಸಬ್ಬಸಗಿ ಹಾಕಿದ ಬ್ಯಾಳಿ, ನಡುವೆ ಪಾಲಕ್, ಮೂಲಂಗಿ. "ನಾನೇನು ಎಮ್ಮಿ ಏನ, ಅಕ್ಕಾ? ಬರೇ ಸೊಪ್ಪು ಹಾಕ್ತಿ" ಎಂದು ನಗುತ್ತಿದ್ದಳು. "ಮುಚ್ಚಕೊಂಡು ತಿನ್ನು, ಇದು ಅಂಗಡಿ ಕಸ ಅಲ್ಲ, ನಾ ಮಾಡಿದ ಮಣ್ಣಿನ್ಯಾಗ ಬೆಳೆದದ್ದು" ಎನ್ನುತ್ತಿದ್ದೆ. ಅವಳ ಕೆನ್ನೆ ತುಂಬಿಕೊಂಡಿತು. ಸ್ಕ್ಯಾನ್ ಮಾಡಿದವರು ಎಲ್ಲ ಸರಿ ಇದೆ ಎಂದರು.

ಬೀನ್ಸ್ ಮಾತ್ರ ಆ ವರ್ಷ ಏಳಲಿಲ್ಲ. ಎಲೆಯ ಅಂಚು ಸುಟ್ಟ ಹಾಗೆ ಕಂದಿ ಗಿಡ ಮುದುಡಿ ಹೋಗುತ್ತಿತ್ತು. ಗೊಬ್ಬರ ಸಾಲದು ಎಂದುಕೊಂಡು ಇನ್ನೆರಡು ಚೀಲ ಸುರಿದೆ.

ಲೈಬ್ರರಿಯಲ್ಲಿ ಒಂದು ಶನಿವಾರ ಮಣ್ಣು ಪರೀಕ್ಷೆ ಮಾಡಿಕೊಡುವವರು ಟೇಬಲ್ ಹಾಕಿದ್ದರು. ನಾನು ಐಸ್‌ಕ್ರೀಂ ಡಬ್ಬಿಯಲ್ಲಿ ಮಣ್ಣು ಒಯ್ದದ್ದು ಅನುಮಾನದಿಂದಲ್ಲ, ಜಂಬದಿಂದ. ಇಂಥ ಮಣ್ಣು ನೋಡಿಲ್ಲ ಎಂದು ಯಾರಾದರೂ ಓದಿದವರು ಹೇಳಲಿ ಎಂಬ ಆಸೆ. ಹತ್ತು ದಿನದ ಮೇಲೆ, ಮಂಗಳವಾರ ಮಧ್ಯಾಹ್ನ, ನಾನು ಆಫೀಸಿನ ಟೀ ರೂಮಿನಲ್ಲಿದ್ದಾಗ ಆ ಟೇಬಲ್ಲಿನ ಹೆಂಗಸು ಫೋನ್ ಮಾಡಿದಳು.

ಮೆತ್ತಗೆ ಶುರು ಮಾಡಿದಳು. ಯಾವ ಪ್ರಾಣಿಯ ಗೊಬ್ಬರದಲ್ಲೂ ಒಂದಿಷ್ಟು ತಾಮ್ರ, ಸತು ಇರುತ್ತದೆ, ಅದು ತಿಂದ ಮೇವಿನಿಂದ ಬಂದದ್ದು, ಗಿಡಕ್ಕೂ ಅದು ಬೇಕು, ಆದರೆ ವರ್ಷ ವರ್ಷ ಸುರಿದರೆ ಮಣ್ಣಿನಲ್ಲಿ ಕೂಡಿಕೊಳ್ಳುತ್ತದೆ, ನಿಮ್ಮಲ್ಲಿ ಅವೆರಡೂ ಜಾಸ್ತಿ ಇವೆ ಎಂದಳು. ಸರಿ, ಗೊಬ್ಬರ ಕಡಿಮೆ ಮಾಡುತ್ತೇನೆ ಎಂದೆ. ನಾನು ಫೋನ್ ಮಾಡಿದ್ದು ಅದಕ್ಕಲ್ಲ, ಆರ್ಸೆನಿಕ್ ಎಂಬ ವಿಷ ಸಿಕ್ಕಿದ್ದಕ್ಕೆ ಎಂದಳು. ಗೊಬ್ಬರ ಎಲ್ಲಿಯದು ಎಂದು ಕೇಳಿದಳು. ಶೆಡ್ಡು, ಹಿಂಭಾಗ, ಕಾಂಕ್ರೀಟ್ ಗುಂಡಿ, ಎಲ್ಲ ಹೇಳಿದೆ. ಅದು ಕುರಿ ಅದ್ದುವ ಗುಂಡಿ ಎಂದಳು. ಹಿಂದಿನ ಕಾಲದಲ್ಲಿ ಹೇನು ಸಾಯಲೆಂದು ಕುರಿಗಳನ್ನು ಆರ್ಸೆನಿಕ್ ಕಲಸಿದ ನೀರಿನ ಗುಂಡಿಯಲ್ಲಿ ಮುಳುಗಿಸಿ ತೆಗೆಯುತ್ತಿದ್ದರು, ಆ ನೀರು ಸುತ್ತಲಿನ ಮಣ್ಣಿಗೆ, ಹಿಕ್ಕೆಗೆ ಇಳಿದಿದೆ ಎಂದಳು.

"ಅದು ಹಳೇದು, ಪೂರ್ತಿ ಕೊಳೆತದ್ದು" ಎಂದೆ ಇಂಗ್ಲಿಷಿನಲ್ಲಿ, ದೊಡ್ಡ ವಾದ ಮಂಡಿಸುವವಳ ಹಾಗೆ.

ಹಿಕ್ಕೆ ಕೊಳೆಯುತ್ತದೆ, ಇದು ಕೊಳೆಯುವುದಿಲ್ಲ ಎಂದಳು. ಎಲೆಗೆ ಸ್ವಲ್ಪ ಏರುತ್ತದೆ, ಬೇರಿಗೆ, ಗಡ್ಡೆಯ ಸಿಪ್ಪೆಗೆ ಹೆಚ್ಚು, ಎಲೆಗಂಟಿದ ಮಣ್ಣಿನಲ್ಲಿ ಇನ್ನೂ ಹೆಚ್ಚು. ಇವತ್ತಿನಿಂದಲೇ ತಿನ್ನುವುದನ್ನು ನಿಲ್ಲಿಸಿ ಎಂದು ಹೇಳಿ, ಮನೆಯಲ್ಲಿ ಸಣ್ಣ ಮಕ್ಕಳು, ಬಸುರಿಯರು ಯಾರಾದರೂ ಇದ್ದಾರೆಯೇ ಎಂದು ಕೇಳಿದಳು. ನಾನು ಇಲ್ಲ ಎಂದೆ. ಯಾಕೆ ಹಾಗೆ ಅಂದೆನೋ ನನಗೆ ಇವತ್ತಿಗೂ ಗೊತ್ತಿಲ್ಲ, ನಾಲಿಗೆ ತಾನೇ ಅಂದುಬಿಟ್ಟಿತು.

ಆಫೀಸಿನಿಂದ ನೇರ ಆ ಹೊಲಕ್ಕೆ ಹೋದೆ. ಮುದುಕನಿಗೆ ಬಾಯಿಗೆ ಬಂದದ್ದೆಲ್ಲ ಅಂದೆ. ಆತ ಪೂರ್ತಿ ಕೇಳಿಸಿಕೊಂಡು, ಮುಂದಿನದನ್ನು ತೆಗೆದುಕೋ ಎಂದಿದ್ದೆನಲ್ಲ ಎಂದ, ಅಷ್ಟೇ. ಕಾರಿನಲ್ಲಿ ಕೂತು, ಮೆಲ್ಬರ್ನ್‌ನ ಇನ್ನೊಂದು ಮೂಲೆಯ ಕ್ರಾನ್‌ಬರ್ನ್‌ನಲ್ಲಿರುವ ಪರಿಚಯದ ಮಂಗಳೂರು ಆಂಟಿಗೆ ಫೋನ್ ಮಾಡಿದೆ. ಅವರ ಗುಲಾಬಿ ಗಿಡಗಳಿಗೆಂದು ಎರಡು ಚೀಲ ಕೊಟ್ಟಿದ್ದೆ. ಎಲ್ಲ ಹೇಳಿ, ಕೈಗವಸು ಹಾಕಿಕೊಂಡು ಆ ಮಣ್ಣನ್ನು ಮುಚ್ಚಿಡಿ ಎಂದೆ. ಅವರು "ಆಯ್ತು" ಎಂದು ಫೋನ್ ಇಟ್ಟರು.

ತಂಗಿಗೆ ಮಾತ್ರ ಹೇಳಲಿಲ್ಲ. ಮನೆಗೆ ಬಂದು, "ಸೊಪ್ಪಿಗೆ ಹುಳ ಬಿದ್ದಾವು, ಕೆಲವು ದಿನ ಅಂಗಡಿದ ತರ್ತೀನಿ" ಎಂದೆ. ಬಸುರಿ ಹೆದರಿದರೆ ಹೆಚ್ಚುಕಡಿಮೆ ಆದೀತು, ಶನಿವಾರ ತಪಾಸಣೆಗೆ ಹೋದಾಗ ಡಾಕ್ಟರ್ ಎದುರಿಗೇ ಹೇಳೋಣ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಸುಳ್ಳು. ಅವಳು ನನ್ನ ಮುಖವನ್ನು ಹೇಗೆ ನೋಡುತ್ತಾಳೋ ಎಂಬ ಭಯ ನನಗೆ. ಕೂಸಿಗಿಂತ ನನ್ನ ಮುಖ ದೊಡ್ಡದಾಯಿತು ಆಗ.

ಶುಕ್ರವಾರ ಬೇಗ ಮನೆಗೆ ಬಂದೆ. ತಂಗಿ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ರೊಟ್ಟಿಯ ತಾಟು, ಉಪ್ಪು, ಕೈಯಲ್ಲಿ ಕಚ್ಚಿದ ಮೂಲಂಗಿ, ಸಿಪ್ಪೆ ಸಮೇತ. ನಾನು ಓಡಿಹೋಗಿ ಕೈಗೆ ಹೊಡೆದೆ. ಮೂಲಂಗಿ ಉರುಳಿ ಹುಲ್ಲಿಗೆ ಬಿತ್ತು.

"ಎಷ್ಟು ತಿಂದಿ?"

"ದಿನಾ ಒಂದ. ಹುಳ ಸೊಪ್ಪಿಗೆ ಬಿದ್ದಾವಂದಿ, ಗಡ್ಡಿಗಲ್ಲಲ್ಲ. ಏನಾತು?"

ಹೇಳಿದೆ. ನಿಂತುಕೊಂಡೇ, ಬ್ಯಾಗು ಹೆಗಲ ಮೇಲಿದ್ದ ಹಾಗೇ ಹೇಳಿದೆ. ಆರ್ಸೆನಿಕ್ ಎಂದರೇನು ಎಂದು ಅವಳು ಕೇಳಲಿಲ್ಲ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, "ನಿನಗ ಯಾವಾಗ ಗೊತ್ತಾತು?" ಎಂದಳು.

"ಮಂಗಳವಾರ."

"ಮತ್ತ್ಯಾರಿಗರೆ ಹೇಳಿಯೇನು?"

ಸುಳ್ಳು ಹೇಳಬಹುದಿತ್ತು. "ಕ್ರಾನ್‌ಬರ್ನ್ ಆಂಟಿಗೆ ಹೇಳೀನಿ, ಗುಲಾಬಿ ಗಿಡಕ್ಕ ಹಾಕಿದ್ರಲ್ಲ" ಎಂದೆ. ತಂಗಿ ಎದ್ದು ಒಳಗೆ ಹೋದಳು, ಕೈ ತೊಳೆದಳು, ಬಹಳ ಹೊತ್ತು ತೊಳೆದಳು.

ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿದರು. ಇರಬೇಕಾದ್ದಕ್ಕಿಂತ ಜಾಸ್ತಿ ಇದೆ, ತಿನ್ನುವುದು ನಿಂತರೆ ದಿನಗಳಲ್ಲಿ ಇಳಿಯುತ್ತದೆ ಎಂದಳು ಡಾಕ್ಟರ್. ಕೂಸಿಗೆ ಏನೂ ಆಗುವುದಿಲ್ಲ ಅಲ್ಲವೇ ಎಂದು ನಾನು ಕೇಳಿದೆ. ಡಾಕ್ಟರ್ ನನ್ನ ಕಡೆ ತಿರುಗದೆ ತಂಗಿಗೇ ಹೇಳಿದಳು, ಏನೂ ಆಗುವುದಿಲ್ಲ ಎಂದು ಮಾತು ಕೊಡಲಾರೆ, ನೋಡುತ್ತಾ ಹೋಗೋಣ. ಭಾನುವಾರ ಅವಳ ಗಂಡ ಬಂದು ಸಿಡ್ನಿಗೆ ಕರೆದೊಯ್ದ. ಏರ್‌ಪೋರ್ಟಿಗೆ ನಾನು ಬರುವುದು ಬೇಡ ಎಂದಳು.

ಸೊಪ್ಪನ್ನೆಲ್ಲ ಕಿತ್ತು ಚೀಲ ಕಟ್ಟಿದೆ. ಮಣ್ಣನ್ನು ಕಂಡಲ್ಲಿ ಚೆಲ್ಲುವ ಹಾಗಿಲ್ಲ, ಅದಕ್ಕೇ ಪರವಾನಗಿ ಇದ್ದವರು ಬಂದು ಒಯ್ಯಬೇಕು. ಅವರು ಬರುವವರೆಗೆ ಕಪ್ಪು ಪ್ಲಾಸ್ಟಿಕ್ ಹೊದಿಸಿ ಇಟ್ಟಿಗೆ ಇಟ್ಟೆ. ಹಿತ್ತಲು ಕಾಣುವ ಅಡುಗೆಮನೆಯ ಕಿಟಕಿಯ ಪರದೆ ಅವತ್ತು ಎಳೆದದ್ದು, ತೆಗೆದಿಲ್ಲ. ಹಿಂದೆ ಹೋಗಬೇಡ ಎಂದು ಮುದುಕ ಮೊದಲೇ ಹೇಳಿದ್ದನ್ನು ಗಂಡನಿಗೂ ಹೇಳಿಲ್ಲ, ತಂಗಿಗೂ ಹೇಳಿಲ್ಲ.

ಹೆಣ್ಣುಕೂಸು ಹುಟ್ಟಿತು, ಮೂರು ವಾರ ಮೊದಲೇ. ತೂಕ ಕಡಿಮೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಯಾರೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಎರಡು ತಿಂಗಳಾದ ಮೇಲೆ, ಕರೆಯದಿದ್ದರೂ, ಗಿರಾವೀನ್‌ಗೆ ಹೋದೆ. ತಂಗಿ ಬಾಗಿಲು ತೆರೆದು, "ಬಾ, ಫ್ಲೈಟ್ ಲೇಟಾತೇನು?" ಎಂದಳು. ಚಹಾ ಕೊಟ್ಟಳು. ಕೂಸನ್ನೂ ಕೈಗೆ ಕೊಟ್ಟಳು. ಕೊಡುವುದಿಲ್ಲ ಎಂದುಕೊಂಡಿದ್ದೆ, ಕೊಟ್ಟಳು. ಕೂಸು ಹಗುರ ಇತ್ತು, ಬಿಸಿ ಇತ್ತು, ನನ್ನ ಸೆರಗನ್ನು ಹಿಡಿದುಕೊಂಡಿತು.

ಅವ್ವನ ಬಜಿ ಬೇರಿನ ತುಂಡು ನನ್ನ ಪರ್ಸಿನಲ್ಲಿತ್ತು. ತಂಗಿ ಹುಟ್ಟಿದಾಗ ಅವ್ವ ತೇದು ನೆಕ್ಕಿಸಿದ್ದ ಬಜಿ ಅದೇ. ಅವಳು ಡೈಪರ್ ತರಲು ಒಳಗೆ ಹೋದಾಗ ತಟ್ಟೆಯ ತಳಕ್ಕೆ ಎರಡು ಸುತ್ತು ತೇದು ಬೆರಳ ತುದಿಗೆ ಹಚ್ಚಿಕೊಂಡೆ. ಬೆರಳು ಕೂಸಿನ ತುಟಿಯ ಹತ್ತಿರ ಹೋಗುವಷ್ಟರಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು.

"ಅವ್ವನ ಬಜಿ ಇದು" ಎಂದೆ. "ನಿನಗೂ ನೆಕ್ಕಿಸ್ಯಾಳ."

"ಅವ್ವ ಕೊಟ್ಟಿದ್ರ ಏನಂತ ನಾ ಕೇಳತಿರಲಿಲ್ಲ."

ಕೂಸನ್ನು ನನ್ನ ತೊಡೆಯಿಂದ ಎತ್ತಿ ತೊಟ್ಟಿಲಲ್ಲಿ ಹಾಕಿದಳು. ಡಬ್ಬಿಯಿಂದ ಒಂದು ವೈಪ್ ಎಳೆದು ನನ್ನೆದುರು ಕೂತು, ಸಣ್ಣ ಮಕ್ಕಳ ಕೈ ಒರೆಸುವ ಹಾಗೆ, ನನ್ನ ಬೆರಳನ್ನು ತಾನೇ ಒರೆಸಿದಳು. ಉಗುರಿನ ಸಂದಿಯನ್ನೂ ಬಿಡಲಿಲ್ಲ. ಆಮೇಲೆ ಇನ್ನೊಂದು ವೈಪ್ ತೆಗೆದುಕೊಂಡು ತನ್ನ ಕೈ ಒರೆಸಿಕೊಂಡಳು.