ಒಳಗಿನ ಪ್ಲಗ್

ತಮ್ಮನ ಗೂಡ್ಸ್ ಗಾಡಿ ಚಿಕ್ಕದು, ಪೆಟ್ರೋಲಿನದು. ಎಂಜಿನ್ ಇರುವುದು ಸೀಟಿನ ಕೆಳಗೆ. ಸೀಟು ಎತ್ತಿದರೆ, ಕಿಡಿ ಹಾರಿಸುವ ನಾಲ್ಕು ಪ್ಲಗ್ಗುಗಳಲ್ಲಿ ಮೂರು ಸುಲಭವಾಗಿ ಕೈಗೆ ಸಿಗುತ್ತವೆ. ನಾಲ್ಕನೆಯದು ಹಿಂದಿನ ತಗಡಿಗೆ ಒತ್ತಿಕೊಂಡು ಆಳದಲ್ಲಿ ಕೂತಿದೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿನಲ್ಲೇ ಹುಡುಕಬೇಕು.

ನಾನು ಓದಿದ್ದು ಐದನೆಯ ಕ್ಲಾಸಿನವರೆಗೆ. ಮಿಕ್ಕಿದ್ದೆಲ್ಲ ಕೋಟದ ಗ್ಯಾರೇಜಿನಲ್ಲಿ ಕಲಿತದ್ದು. ಅಣ್ಣನನ್ನು ಬಿಟ್ಟು ಬೇರೆ ಯಾರಿಗೂ ಗಾಡಿ ಮುಟ್ಟಲು ಕೊಡುವುದಿಲ್ಲ ಎಂದು ತಮ್ಮ ಊರಿಡೀ ಹೇಳಿಕೊಂಡು ತಿರುಗುತ್ತಿದ್ದ.

ಆ ಸಂಜೆ ಪ್ಲಗ್, ಅದರ ಮೇಲೆ ಕೂತು ಕರೆಂಟು ಕೊಡುವ ಕಾಯಿಲ್ ಎಲ್ಲ ಬದಲಿಸುತ್ತಿದ್ದೆ. ನಾಲ್ಕನೆಯದಕ್ಕೆ ಉದ್ದ ಪಾನ, ಅಂದರೆ ಸ್ಪ್ಯಾನರ್, ಇಳಿಸಿ ತಿರುಗಿಸಿದೆ. ಪಾನ ಓರೆಯಾಯಿತು. ಒಳಗೆ ಟಿಕ್ ಎಂದಿತು. ಪ್ಲಗ್ಗಿನ ಬಿಳಿ ಪಿಂಗಾಣಿ ಸೀಳಿದ ಸದ್ದು ಅದು, ನನಗೆ ಗೊತ್ತು. ಇನ್ನೊಂದು ಸುತ್ತು ತಿರುಗಿಸಿ ಪ್ಲಗ್ ತುಂಡಾಗಿ ಒಳಗೇ ಉಳಿದರೆ ಇಡೀ ಎಂಜಿನ್ ಬಿಚ್ಚಬೇಕು. ಸೀಳಿದ ಪ್ಲಗ್ಗಿನ ಮೇಲೆಯೇ ಹೊಸ ಕಾಯಿಲ್ ಕೂರಿಸಿ ಸೀಟು ಮುಚ್ಚಿದೆ. ಹೊಸ ಪ್ಲಗ್ ಜೇಬಿಗೆ ಹಾಕಿಕೊಂಡೆ.

"ಅಣ್ಣಯ್ಯ, ನಾಕೂ ಆಯ್ತಾ?" ತಮ್ಮ ಅಂಗಳದಿಂದ ಕೇಳಿದ.

"ಆಯ್ತ್."

ನಮ್ಮಲ್ಲಿ ಕೆಲಸ ಮುಗಿದರೂ ಆಯ್ತ್, ಮುಂದೆ ಮಾಡುತ್ತೇನೆ ಎಂದು ಒಪ್ಪಿದರೂ ಆಯ್ತ್. ನಾನು ಹೇಳಿದ್ದು ಎರಡನೆಯದು ಎಂದು ನನಗೆ ನಾನೇ ಹೇಳಿಕೊಂಡೆ.

ಬೆಳಿಗ್ಗೆ ಅವನು ಕೊಲ್ಲೂರಿನ ಅಂಗಡಿಗಳಿಗೆ ಎಳನೀರಿನ ಬೊಂಡ ತುಂಬಿಸಿ ಹೊರಟ. ಒಬ್ಬನನ್ನೇ ಕಳಿಸಲು ಹೆದರಿಕೆಯಾಗಿ, ಪಾನದ ಚೀಲ ಹಿಡಿದು ನಾನೂ ಹತ್ತಿದೆ. ಇಷ್ಟು ವರ್ಷಕ್ಕೆ ಕೊಲ್ಲೂರಿನ ದೇವಿ, ಅಮ್ಮ, ದರ್ಶನಕ್ಕೆ ಕರೆಸಿಕೊಂಡಳಾ ಎಂದು ಅವನು ನಗಾಡಿದ. ನನಗೆ ಕೂತ ಸೀಟಿನ ಕೆಳಗಿನ ಸದ್ದು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಸಮತಟ್ಟಿನಲ್ಲಿ ಹೇಗೋ ಓಡಿತು. ವಂಡ್ಸೆ ದಾಟಿ ಏರು ಸಿಕ್ಕಿತು ನೋಡಿ, ಗಾಡಿ ಎರಡು ಸಲ ಜಗ್ಗಿ ನಿಂತೇಬಿಟ್ಟಿತು. ಹಿಂದೆ ಬಸ್ಸು. ತಮ್ಮ ಬ್ರೇಕಿನ ಮೇಲೆ ಎದ್ದು ನಿಂತರೂ ಗಾಡಿ ಹಿಂದೆ ಜಾರುತ್ತಿತ್ತು. ನಾನು ಹಾರಿ, ಸಿಕ್ಕಿದ ಕಲ್ಲನ್ನು ಚಕ್ರದ ಹಿಂದೆ ತಳ್ಳಿದೆ. ಕಲ್ಲು ಒಂದು ಗೇಣು ಉಜ್ಜಿಕೊಂಡು ಹೋಗಿ ನಿಂತಿತು. ಬಸ್ಸಿನ ಮೂತಿ ಅಲ್ಲೇ ಇತ್ತು.

ಹೊಸ ಕಾಯಿಲ್ ಕೈಕೊಟ್ಟಿತೇನೋ, ಅಂಗಡಿಯವನು ಮೋಸ ಮಾಡಿದ ಎಂದು ತಮ್ಮ ಬೈಯಲು ಶುರುಮಾಡಿದ. ನಾನು ಜೇಬಿನಿಂದ ಪ್ಲಗ್ ತೆಗೆದು ಅವನ ಅಂಗೈಯಲ್ಲಿಟ್ಟೆ.

"ಒಳಗಿಂದ್ ಬದ್ಲ್ಸಿಲ್ಲ. ಒಡ್ದ್ ಹಾಕಿದ್ದೆ."

ಅವನು ಪ್ಲಗ್ಗನ್ನು ನೋಡಿದ, ಬಸ್ಸನ್ನು ನೋಡಿದ.

"ನಿನ್ನೆ ಹೇಳ್ಕಿತ್ತಲ, ಅಣ್ಣಯ್ಯ."

ಎಂಜಿನ್ ತಣಿಯುವವರೆಗೆ ಇಬ್ಬರೂ ರಸ್ತೆ ಬದಿಯಲ್ಲಿ ಕೂತೆವು. ಆಮೇಲೆ ಅವನು ಮೊಬೈಲಿನ ಬೆಳಕು ಹಿಡಿದ. ಹಳೆಯ ಪ್ಲಗ್ ತುಂಡಾಗದೆ ಹೊರಬಂತು. ಹೊಸದನ್ನು ಬೆರಳಿನಲ್ಲೇ ಇಳಿಸಿ ಬಿಗಿದೆ.

"ಆಯ್ತಾ?" ಅವನು ಕೇಳಿದ.

ಅವನ ಕೈ ಹಿಡಿದು, ಪ್ಲಗ್ಗಿಗೆ ಸಿಕ್ಕಿಸಿದ್ದ ಪಾನದ ಮೇಲಿಟ್ಟೆ.

"ನೀನೇ ತಿರ್ಗ್ಸಿ ಕಾಣ್."